ಬೂದಿ ಹಚ್ಚಿದ ಸೋರೆಕಾಯಿ

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನೀನು, ಅಳಿಯಂದಿರು, ಕೂಸು ಮೂವರೂ ಆರೋಗ್ಯವಾಗಿದ್ದೀರಿ ಅಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೈಯಬೇಡ. ಬರೆಯಲು ಕೂತಾಗಲೆಲ್ಲ "ಇಲ್ಲಿ ನಾವೂ ಕ್ಷೇಮ" ಅನ್ನುವಲ್ಲಿಗೆ ಬಂದು ಪೆನ್ನು ನಿಂತುಬಿಡುತ್ತಿತ್ತು. ಕೈಯಲ್ಲಿ ಫೋನ್ ಇರುವಾಗ ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಅಂತ ನೀನು ನಗಬಹುದು. ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ಕೂಸಿನ ತಲೆ ಬಾಚುತ್ತ ಮಾತಾಡುತ್ತೀಯ, ಪಕ್ಕದಲ್ಲೇ ಅಳಿಯಂದಿರು. ಇಲ್ಲಿ ನನ್ನ ಪಕ್ಕದಲ್ಲಿ ನಿಮ್ಮಪ್ಪ. ಅಷ್ಟು ಕಿವಿಗಳ ನಡುವೆ ಕೆಲವು ಮಾತು ಗಂಟಲು ದಾಟುವುದಿಲ್ಲ.

ಮೊದಲು ಹಿತ್ತಲುಗಳ ಸುದ್ದಿ. ಅದಿಲ್ಲದಿದ್ದರೆ ನಿನಗೆ ಕಾಗದ ಓದಿದ ಹಾಗೇ ಆಗುವುದಿಲ್ಲ. ಪೋಸ್ಟಿನವರ ಹಿತ್ತಲಲ್ಲಿ ಈ ಸಲ ಪಾಲಕ್ ಸೊಪ್ಪು ಹುಚ್ಚಾಪಟ್ಟೆ ಬಂದಿದೆ. ನೌಕರಿಯಲ್ಲಿದ್ದಾಗ ಕಾಗದವನ್ನು ಸರಿಯಾದ ಮನೆಗೆ ಹಾಕದವರು ಈಗ ಸೊಪ್ಪಿನ ಕಟ್ಟನ್ನು ಒಂದು ಮನೆಯೂ ತಪ್ಪದಂತೆ ಹಂಚುತ್ತಾರೆ. ಕಾಂಪೌಂಡರು ಮುರಿದ ಕಬ್ಬಿಣದ ಮಂಚವನ್ನು ನಿಲ್ಲಿಸಿ ಅದರ ಮೇಲೆ ಹುರುಳಿಕಾಯಿ ಬಳ್ಳಿ ಹಬ್ಬಿಸಿದ್ದಾರೆ. ಮೂಲೆಮನೆ ಟೈಲರಮ್ಮ ಪೇಂಟಿನ ಡಬ್ಬಗಳಲ್ಲಿ ಮೆಣಸಿನ ಗಿಡ ಹಾಕಿದ್ದಾಳೆ. ಅವಳ ಬಾಯಿಗಿಂತ ಅವಳ ಮೆಣಸಿನಕಾಯಿಯೇ ವಾಸಿ. ಎಲೆಕೋಸಿಗೆ ಎಲ್ಲರ ಮನೆಯಲ್ಲೂ ಹುಳ.

ಸೋರೆಕಾಯಿ ಮಾತ್ರ ಯಾರ ಹಿತ್ತಲಲ್ಲೂ ಇಲ್ಲ. ನಿಮ್ಮ ಮಾವನವರು ತೀರಿಕೊಂಡ ವಾರದಲ್ಲೇ ಬೀದಿಯವರೆಲ್ಲ ಬಳ್ಳಿ ಕಿತ್ತರು. ಪಾಪ, ಸೌತೆಯನ್ನೂ ಬಿಡಲಿಲ್ಲ. ಚಪ್ಪರದ ಗಳುಗಳು ಬೋಳಾಗಿ ನಿಂತಿವೆ. ನಮ್ಮ ಹಿತ್ತಲಲ್ಲಂತೂ ಕಳೆ ಮೊಣಕಾಲಿಗೆ ಬಂದಿದೆ. ನಿಮ್ಮಪ್ಪ ಸಲಿಕೆ ಮುಟ್ಟಿಲ್ಲ. ಬೆಳಗಾದರೆ ಹಿಂದಿನ ಮೆಟ್ಟಿಲ ಮೇಲೆ ನಲ್ಲಿ ನೋಡುತ್ತ ಕೂರುತ್ತಾರೆ. ಬದನೆ ಗಿಡದಲ್ಲೇ ಕೊಳೆತು ಬೀಳುತ್ತಿದೆ, ಕೊಯ್ಯೋಣ ಅಂದರೆ "ನಿನಗೆ ಬೇಕಾದ್ರೆ ಕೊಯ್ಕೋ" ಅನ್ನುತ್ತಾರೆ.

ನೀವು ಅಂತ್ಯಕ್ರಿಯೆಗೆ ಬಂದಾಗ ಮನೆ ತುಂಬ ಜನ. ನಿನ್ನ ಕಿವಿಗೆ ಬಿದ್ದದ್ದು ಅರ್ಧ, ಅಳಿಯಂದಿರ ಕಿವಿಗೆ ಬಿದ್ದದ್ದು ಬರೀ ಕೆಟ್ಟ ಅರ್ಧ. ಅದಕ್ಕೆ ನಡೆದದ್ದನ್ನು ಸಾವಕಾಶವಾಗಿ ಬರೆಯುತ್ತೇನೆ.

ನಮ್ಮ ಬೀದಿಯ ಪದ್ಧತಿ ನಿನಗೆ ಗೊತ್ತು. ಬೀಜಕ್ಕೆ ಬಿಟ್ಟ ಕಾಯಿಂದ ಬಿತ್ತಿದರೆ ಯಾವ ಬಳ್ಳಿ ಸಿಹಿ, ಯಾವುದು ಕಹಿ ಅಂತ ಹೇಳಲಾಗುವುದಿಲ್ಲ. ಕಹಿ ಸೋರೆ ವಿಷ. ಹಾಗಾಗಿ ಪಕ್ಕದ ಮನೆಗೆ ಕಾಯಿ ಕೊಡುವ ಮೊದಲು ತೊಟ್ಟಿನ ಕಡೆ ಒಂದು ಚೂರು ಕೊಯ್ದು ಬಾಯಿಗಿಟ್ಟು ನೋಡಬೇಕು. ಕಹಿ ಇಲ್ಲ ಅಂತಾದರೆ ಕೊಯ್ದ ಜಾಗಕ್ಕೆ ಬೂದಿ ಹಚ್ಚಿ ಕಳಿಸಬೇಕು. ಬೂದಿ ಕಂಡರೆ ತೆಗೆದುಕೊಂಡವರು ಮತ್ತೆ ರುಚಿ ನೋಡುವುದಿಲ್ಲ. ನೋಡಿದರೆ ಕೊಟ್ಟವರಿಗೆ ಅವಮಾನ. ಅದರಲ್ಲೂ ಬೂದಿ ಹಚ್ಚಿದ ಕೈ ನಿಮ್ಮಪ್ಪನದ್ದಾದರೆ ಕೇಳುವುದೇ ಬೇಡ. ಮಿಲ್ಲಿನ ಕ್ಯಾಂಟೀನಿನಲ್ಲಿ ಇಡೀ ಜೀವಮಾನ ಅಡುಗೆ ಮಾಡಿ ನಿವೃತ್ತರಾದರು, ನಾಲಿಗೆ ಮಾತ್ರ ನಿವೃತ್ತಿ ಆಗಲಿಲ್ಲ. ಬೇರೆಯವರೂ ತಮ್ಮ ಕಾಯಿಗಳನ್ನು ಇವರ ಹತ್ತಿರ ತಂದು "ಒಂಚೂರು ನೋಡಿ ಹೇಳಿ" ಅನ್ನುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು, ಜಡ್ಜ್ ಸಾಹೇಬರೂ ಸೋಲಬೇಕು.

ಈ ಸಲ ಗೊಬ್ಬರದ ಗುಂಡಿಯ ಪಕ್ಕ ತಾನಾಗಿ ಒಂದು ಬಳ್ಳಿ ಹುಟ್ಟಿತ್ತು. ಸೊಂಪಾಗಿ ಹಬ್ಬಿತು. ಮೊದಲ ಕಾಯಿ ಪಕ್ಕದ ಮನೆಯ ಬೀಗರಿಗೇ ಸೇರಬೇಕು ಅಂತ ನಿಮ್ಮಪ್ಪ ಚೂರು ಕೊಯ್ದು ಬಾಯಿಗಿಟ್ಟರು, ಅಗಿದರು, ಬೂದಿ ಹಚ್ಚಿದರು, ಗೋಡೆಯ ಮೇಲಿಂದ ದಾಟಿಸಿದರು. ನಾನು ಬಟ್ಟೆ ಒಗೆಯುತ್ತ ನೋಡುತ್ತಿದ್ದೆ.

ನಿಮ್ಮ ಮಾವನವರಿಗೆ ಡಾಕ್ಟರು ರಕ್ತದೊತ್ತಡ ಜಾಸ್ತಿ ಅಂದಾಗಿಂದ ನಿಮ್ಮತ್ತೆ ಬೆಳಿಗ್ಗೆ ಏನಾದರೊಂದು ರಸ ಹಿಂಡಿ ಕೊಡುತ್ತಿದ್ದರು. ಅವರು "ಹಿತ್ತಲ ಗಿಡ ಮದ್ದಲ್ಲ ಕಣೇ" ಅಂತ ರೇಗಿಸುವುದು, ಇವರು ಲೋಟ ಹಿಡಿದು ನಿಲ್ಲುವುದು ದಿನದ ಆಟ. ಅವತ್ತೂ ಹಾಗೇ, ನಾವು ಕೊಟ್ಟ ಸೋರೆಕಾಯಿಯ ರಸ. ಒಂದು ಗುಟುಕು ಕುಡಿದು "ಕಹಿ ಇದೆ" ಅಂದರಂತೆ. ನಿಮ್ಮತ್ತೆ "ಬೂದಿ ಹಚ್ಚಿದ ಕಾಯಿ ರೀ ಅದು, ಅವ್ರು ರುಚಿ ನೋಡಿ ಕೊಟ್ಟಿದ್ದು. ಮಗು ಹಂಗೆ ನೆಪ ತೆಗೀಬೇಡಿ" ಅಂದರಂತೆ. ಅವರು ಬೂದಿ ಹಚ್ಚಿದ ತುಂಡನ್ನು ಒಂದು ಸಲ ನೋಡಿ, ಮತ್ತೆ ಮಾತಾಡದೆ ಲೋಟ ಖಾಲಿ ಮಾಡಿದರಂತೆ. ಸ್ವಲ್ಪ ಹೊತ್ತಿಗೇ ವಾಂತಿ ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ವಾಂತಿಯಲ್ಲಿ ರಕ್ತ. ನಾವು ಮೂವರೂ ಸೇರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾರನೇ ದಿನ ಹೋಗಿಬಿಟ್ಟರು. ಕಹಿ ಸೋರೆಯಿಂದಲೇ ಅಂತ ಡಾಕ್ಟರು ಹೇಳಿದರು.

ಬೀದಿಯವರು ನಿಮ್ಮಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. "ತೊಟ್ಟಿನ ಕಡೆ ಸಿಹಿ ಇದ್ದು ಬುಡದಲ್ಲಿ ಕಹಿ ಇರೋದೂ ಉಂಟು, ಅವರೇನು ಮಾಡ್ತಾರೆ" ಅಂತ ಕಾಂಪೌಂಡರೇ ಸಮಾಧಾನ ಹೇಳಿದರು. ಆದರೆ ಆಡುವ ಬಾಯಿ ಯಾರ ಮೇಲಾದರೂ ಬೀಳಬೇಕಲ್ಲ, ನಿಮ್ಮತ್ತೆಯ ಮೇಲೆ ಬಿತ್ತು. "ಗಂಡ ಕಹಿ ಅಂದ್ರೂ ಬಲವಂತವಾಗಿ ಕುಡಿಸಿದ್ಲಂತೆ" ಅಂತ ಟೈಲರಮ್ಮ ನನ್ನೆದುರೇ ಅಂದಳು. ನಾನು ಹೊಲಿಯಲು ಕೊಟ್ಟಿದ್ದ ಬಟ್ಟೆ ವಾಪಸ್ ತಂದುಬಿಟ್ಟೆ. ಬೀದಿ ಏನಾದರೂ ಅನ್ನಲಿ ಪುಟ್ಟಿ, ಅಳಿಯಂದಿರು ಊರಿಂದ ಬಂದಿಳಿದವರೇ ಆಸ್ಪತ್ರೆಯ ವರಾಂಡದಲ್ಲಿ ಹೆತ್ತ ತಾಯಿಗೆ "ಅಪ್ಪ ಕಹಿ ಅಂದ್ಮೇಲೂ ಯಾಕಮ್ಮ ಕುಡಿಸ್ದೆ" ಅಂತ ಕೇಳಿದರಲ್ಲ, ಅದು ಆ ತಾಯಿಯ ಎದೆಯಲ್ಲಿ ಇನ್ನೂ ಚುಚ್ಚಿಕೊಂಡಿದೆ. ಆಮೇಲೆ ಅವರು ಒಂದು ಸಲವೂ ಅಮ್ಮನಿಗೆ ಫೋನ್ ಮಾಡಿಲ್ಲವಂತೆ. ನೀನು ಮಾಡುತ್ತೀಯ, ಗೊತ್ತು. ಸೊಸೆ ಮಾಡಿದರೆ ಮಗ ಮಾಡಿದ ಹಾಗಾಗುತ್ತದೆಯೇ?

ನಿಮ್ಮತ್ತೆ ಈಗ ಏನನ್ನೂ ತಿನ್ನುವುದಿಲ್ಲ. ನಾನು ದಿನವೂ ತಟ್ಟೆ ಹಿಡಿದು ಹೋಗುತ್ತೇನೆ. ಅನ್ನವನ್ನು ನಾಲಿಗೆಯ ತುದಿಗೆ ತಾಗಿಸಿ, ಕಾದು, ಉಗಿದುಬಿಡುತ್ತಾರೆ. ನೀರನ್ನೂ ಹಾಗೇ ಮಾಡುತ್ತಾರೆ. ಮೊದಲ ದಿನ ನನಗೆ ಕೋಪವೇ ಬಂದಿತ್ತು. ನನ್ನ ಕೈಯಡುಗೆಯ ಮೇಲೂ ಅನುಮಾನವೇ ಅಂದುಕೊಂಡೆ. ಆಮೇಲೆ ತಿಳಿಯಿತು, ಅವರು ಅನುಮಾನ ಪಡುತ್ತಿರುವುದು ನನ್ನ ಮೇಲಲ್ಲ. "ಅಕ್ಕಾ, ಅವತ್ತು ಒಂದ್ ಸಲ ಹಿಂಗೆ ನಾಲಿಗೆಗೆ ತಾಗಿಸಿ ನೋಡಿದ್ರೆ ಆಗ್ತಿತ್ತಲ್ವಾ" ಅನ್ನುತ್ತಾರೆ. "ನಾನು ಗದರಿದ್ದಕ್ಕೆ ಹೆದರಿಕೊಂಡು ಕುಡಿದ್ರು" ಅನ್ನುತ್ತಾರೆ. ಯಾವ ಗಂಡ ಹೆಂಡತಿ ಗದರಿದ್ದಕ್ಕೆ ಹೆದರಿ ಕುಡಿಯುತ್ತಾನೆ ಅಂತ ನಗಿಸಲು ನೋಡಿದೆ. ನಗಲಿಲ್ಲ. ಕುಪ್ಪಸದ ತೋಳು ಜೋತಾಡುವ ಹಾಗೆ ಇಳಿದುಹೋಗಿದ್ದಾರೆ. ಹೀಗೇ ಇದ್ದರೆ ಹೆಚ್ಚು ದಿನ ತಡೆಯುವುದಿಲ್ಲ ಅಂತ ಕಾಂಪೌಂಡರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಆದ್ದರಿಂದ ಪುಟ್ಟಿ, ಅಳಿಯಂದಿರನ್ನು ಹೇಗಾದರೂ ಮಾಡಿ ಒಪ್ಪಿಸು. ಒಂದು ಫೋನ್ ಮಾಡಲಿ. "ಊಟ ಆಯ್ತಾ ಅಮ್ಮ" ಅಂತ ಕೇಳಿದರೆ ಸಾಕು. ಒಳ್ಳೆಯ ಮನುಷ್ಯ ಅವರು. ಪಕ್ಕದ ಮನೆಯ ಹುಡುಗನನ್ನೇ ಮಾಡಿಕೊಳ್ಳುತ್ತೇನೆ ಅಂತ ನೀನು ಹಟ ಹಿಡಿದಾಗ ನಿಮ್ಮಪ್ಪ "ಮಗಳನ್ನ ಗೋಡೆಯಾಚೆ ಕೊಟ್ಟರೆ ಬಸ್ಸಿನ ಖರ್ಚೂ ಇಲ್ಲ" ಅಂದಿದ್ದರು. ಪ್ರೆಸ್ಸಿನ ಕೆಲಸ ನಿಮ್ಮನ್ನು ದೂರದ ಊರಿಗೆ ಕರೆದುಕೊಂಡು ಹೋಗಿ ಆ ಲೆಕ್ಕ ತಪ್ಪಿಸಿತು. ಅಪ್ಪನನ್ನು ಕಳೆದುಕೊಂಡ ಸಂಕಟದಲ್ಲಿ ಬಾಯಿಗೆ ಬಂದದ್ದು ಆಡಿದ್ದಾರೆ, ಅಷ್ಟೇ. ತಾಯಿಯ ಜೀವ ಹೋದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ.

ಕೂಸಿಗೆ ಮತ್ತೆ ಹಲ್ಲು ಅಲುಗಾಡುತ್ತಿದೆ ಅಂದಿದ್ದೆಯಲ್ಲ, ಬಲವಂತವಾಗಿ ಕೀಳಬೇಡ. ನಿನ್ನ ಸೊಂಟದ ನೋವಿಗೆ ಬಿಸಿ ನೀರಿನ ಶಾಖ ಕೊಡು, ಭಾರ ಎತ್ತಬೇಡ. ನಿಮ್ಮ ಮೂವರಿಗೂ ಒಳ್ಳೆಯದಾಗಲಿ, ಉಂಡದ್ದು ಮೈಗೆ ಹತ್ತಲಿ, ಒಬ್ಬರಿಗೊಬ್ಬರು ಆಸರೆಯಾಗಿ ನೂರು ಕಾಲ ಬಾಳಿ.

ಇಂತಿ ನಿನ್ನ
ಅಮ್ಮ

ತಾ.ಕ.: ನಿಮ್ಮಪ್ಪ ಕ್ಷೌರಕ್ಕೆ ಹೋಗಿದ್ದಾರೆ. ಲಕೋಟೆಗೆ ಅಂಟು ಹಚ್ಚುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಪೂರ್ತಿ ನಿಜವಲ್ಲ.

ಆಸ್ಪತ್ರೆಯಿಂದ ಬಂದವರೇ ನಿಮ್ಮಪ್ಪ ಆ ಬಳ್ಳಿಯನ್ನು ಬುಡಸಮೇತ ಕಿತ್ತು ಗುಂಡಿಗೆ ಎಸೆದರು. ಅದರಲ್ಲಿ ಎಳೆಕಾಯಿಯೊಂದು ಉಳಿದಿತ್ತು. ತೊಟ್ಟಿನ ಕಡೆಯ ಚೂರನ್ನು ನಾಲಿಗೆಗೆ ಮುಟ್ಟಿಸಿದೆ. ಹಾಗಲಕಾಯಿ ಅದರ ಮುಂದೆ ಬೆಲ್ಲ. ಎಷ್ಟು ಸಲ ಬಾಯಿ ಮುಕ್ಕಳಿಸಿದರೂ ಹೋಗಲಿಲ್ಲ. ಇಂಥದ್ದನ್ನು ಅಗಿದು ಬೂದಿ ಹೇಗೆ ಹಚ್ಚಿದಿರಿ ಅಂತ ಕೇಳಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. "ಹೋದ ವರ್ಷ ಆ ಜ್ವರ ಬಂತಲ್ಲ, ಅವತ್ತಿಂದ ನಾಲಿಗೆಗೆ ಏನೂ ಗೊತ್ತಾಗ್ತಿಲ್ಲ ಕಣೇ. ಉಪ್ಪೂ ಒಂದೇ, ಸಕ್ಕರೇನೂ ಒಂದೇ" ಅಂದರು. ನನಗೇ ಹೇಳಿರಲಿಲ್ಲ. ನಾನು ಬಡಿಸಿದ್ದಕ್ಕೆಲ್ಲ "ಚೆನ್ನಾಗಿದೆ" ಅನ್ನುತ್ತಿದ್ದರು, ವಯಸ್ಸಾಯಿತು, ಗಂಡ ಒಳ್ಳೆಯವನಾದ ಅಂದುಕೊಂಡಿದ್ದೆ. ಹೇಳಿದ್ದು ಒಬ್ಬರಿಗೆ ಮಾತ್ರ, ನಿಮ್ಮ ಮಾವನವರಿಗೆ. ಅವರು ಯಾರಿಗೂ ಬಾಯಿ ಬಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ನಾನೂ ನಿಮ್ಮತ್ತೆಯೂ ಔಷಧಿ ತರಲು ಕೆಳಗೆ ಹೋಗಿದ್ದಾಗ ನಿಮ್ಮ ಮಾವನವರು ನಿಮ್ಮಪ್ಪನ ಕೈ ಹಿಡಿದು ಹೇಳಿದರಂತೆ: "ಕಹಿ ಇತ್ತು ಕಣಯ್ಯ. ಬೂದಿ ನೋಡಿ ಸುಮ್ಮನಾದೆ. ಇನ್ನೊಂದು ಮಾತಾಡಿದ್ರೆ ಅವಳು ಲೋಟ ಹಿಡ್ಕೊಂಡು ನಿಮ್ಮನೆಗೆ ಬರ್ತಿದ್ಲು. ನಿನ್ನ ನಾಲಿಗೆ ವಿಷಯ ಬೀದಿಗೆಲ್ಲ ಗೊತ್ತಾಗ್ತಿತ್ತು. ಒಂದು ಲೋಟ ತಾನೆ ಅಂದ್ಕೊಂಡೆ. ಅವಳ ತಪ್ಪೇನಿಲ್ಲ, ಅವಳಿಗೆ ಹೇಳು."

ಹೆಂಡತಿಗೆ ಹೆದರಿ ಕುಡಿಯಲಿಲ್ಲ ಪುಟ್ಟಿ, ನಿಮ್ಮಪ್ಪನ ಮಾನ ಉಳಿಸಲು ಕುಡಿದರು. ನಿಮ್ಮಪ್ಪ ಅದನ್ನು ಹೇಳಲಿಲ್ಲ. "ಹೇಳಿದ್ರೆ ಮಗಳ ಸಂಸಾರ ಹಾಳಾಗತ್ತೆ, ಅಳಿಯ ಹೊಟ್ಟೆಗೆ ಹಾಕ್ಕೊಳ್ಳಲ್ಲ" ಅನ್ನುತ್ತಾರೆ. ನನ್ನಿಂದಲೂ ಮಾತು ತೆಗೆದುಕೊಂಡರು. ನಿನ್ನ ಹೆಸರು ಹೇಳಿದ ಮೇಲೆ ನನ್ನ ಬಾಯಿಯೂ ಕಟ್ಟಿತು. ಇಷ್ಟು ದಿನ ಅದು ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗಲೂ ಆಗದು, ಉಗಿಯಲೂ ಆಗದು.

ನಿನ್ನೆ ಸಂಜೆ ನಿಮ್ಮತ್ತೆ ಗೋಡೆ ಹಿಡಿದುಕೊಂಡು ಬಂದು ನಿಂತರು. ನಿಮ್ಮಪ್ಪ ಮೆಟ್ಟಿಲ ಮೇಲಿದ್ದರು. "ನಾವು ಔಷಧಿಗೆ ಹೋದಾಗ ನೀವೊಬ್ರೇ ಇದ್ರಿ. ಅವ್ರು ಏನಾದ್ರೂ ಅಂದ್ರಾ? ನನ್ ಮೇಲೆ ಕೋಪ ಇತ್ತಾ?" ಅಂತ ಕೇಳಿದರು. ನಿಮ್ಮಪ್ಪ ನನ್ನ ಮುಖ ನೋಡಿದರು. ಆಮೇಲೆ "ಏನೂ ಅನ್ನಲಿಲ್ಲಮ್ಮ" ಅಂದರು. ನಿಮ್ಮತ್ತೆ "ಹಾಗಾದ್ರೆ ಕೋಪದಲ್ಲೇ ಹೋದ್ರು" ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇವತ್ತು ನಾನು ತಟ್ಟೆ ಹಿಡಿದು ಹೋದರೆ ಬಾಗಿಲು ತೆಗೆಯಲಿಲ್ಲ.

ಇದನ್ನು ಅಳಿಯಂದಿರಿಗೆ ಓದಿ ಹೇಳು. ಒಂದು ಮಾತೂ ಬಿಡಬೇಡ. ಓದಿದ ತಕ್ಷಣ ಹೊರಟು ಬರಲಿ, ನಮ್ಮ ಮನೆ ದಾಟಿಕೊಂಡು ನೇರ ಅವರಮ್ಮನ ಹತ್ತಿರ ಹೋಗಲಿ. ಆಮೇಲೆ ಅವರು ನಮ್ಮ ಹೊಸ್ತಿಲು ತುಳಿಯದಿದ್ದರೂ, ನಿನ್ನನ್ನೂ ಕೂಸನ್ನೂ ಈ ಕಡೆ ಕಳಿಸದಿದ್ದರೂ, ನಾನು ಏನೂ ಅನ್ನುವುದಿಲ್ಲ.