ಹೊಗೆ ಹಿಡಿದ ಬಿಸ್ಕತ್ತು

ಭಾಗಮಂಡಲ
ತಾ. ೨೦-೮-೨೦೨೫

ಚಿರಂಜೀವಿ ಸಿಂಚನಾಳಿಗೆ ನಿನ್ನ ಬೊಳ್ಳಪ್ಪ ಮಾವನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅತ್ತೆ, ನಿನ್ನ ಅವ್ವ, ಎರಡು ದನ, ಒಂದು ಕುಂಟ ನಾಯಿ ಎಲ್ಲರೂ ಸುಖವಾಗಿದ್ದೇವೆ. ನಿನ್ನ ಪತ್ರ ಬಂದು ಹದಿನೈದು ದಿನದ ಮೇಲಾಯಿತು. ತಡವಾದುದಕ್ಕೆ ಕ್ಷಮೆ ಕೇಳು ಎಂದು ನಿನ್ನ ಅತ್ತೆ ಹಿಂದೆ ನಿಂತು ಹೇಳುತ್ತಿದ್ದಾಳೆ. ಕೇಳಿದ್ದೇನೆ ಎಂದು ತಿಳಿದುಕೊ. ನಿಜ ಹೇಳಬೇಕೆಂದರೆ ತಪ್ಪು ನನ್ನದಲ್ಲ, ಬಿಸ್ಕತ್ತಿನದು.

ತರಬೇತಿ ಶಾಲೆಯವರು ಮೊಬೈಲು ತೆಗೆದಿಟ್ಟುಕೊಂಡು ಭಾನುವಾರ ಹತ್ತೇ ನಿಮಿಷ ಕೊಡುತ್ತಾರೆ ಎಂದು ನೀನು ಗೋಳಾಡಿದ್ದಿ. ನನಗೇನೋ ಖುಷಿಯೇ ಆಯಿತು. ಏಳನೇ ಕ್ಲಾಸಿನಲ್ಲಿ ಪತ್ರ ಬರೆಯುವುದರಲ್ಲಿ ಹತ್ತಕ್ಕೆ ಒಂಬತ್ತು ತೆಗೆದವನು ಇಡೀ ಶಾಲೆಗೆ ನಾನೊಬ್ಬನೇ. ಉಳಿದ ಒಂದು ಮಾರ್ಕನ್ನು ಮೇಷ್ಟ್ರು ಹೊಟ್ಟೆಕಿಚ್ಚಿನಿಂದ ಹಿಡಿದಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ಆ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ.

ಈ ಪತ್ರದ ಜೊತೆ ಒಂದು ಟಿನ್ನು ಬರುತ್ತದೆ. ಅದರಲ್ಲಿ ಎರಡು ಪದರ ಬಿಸ್ಕತ್ತು, ನಡುವೆ ಹಳೇ ಕ್ಯಾಲೆಂಡರಿನ ಹಾಳೆ. ಮೇಲಿನದು ನಾನು ಮಾಡಿದ್ದು, ಕೆಳಗಿನದು ನಿನ್ನ ಅವ್ವ ಮಾಡಿದ್ದು. ಮೊದಲು ಮೇಲಿನದನ್ನು ತಿನ್ನು. ಉಗುಳಬೇಕೆನ್ನಿಸಿದರೆ ಉಗುಳು, ನಾನು ಅಲ್ಲಿರುವುದಿಲ್ಲವಲ್ಲ. ಯಾಕೆ ಎರಡು ಪದರ ಎಂಬುದನ್ನು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿನ್ನ ಪತ್ರದಲ್ಲಿ ಬಿಸ್ಕತ್ತಿಗಿಂತ ದೊಡ್ಡದು ಇನ್ನೊಂದಿತ್ತು. ಫೆಬ್ರವರಿಯಲ್ಲಿ ನೀನು ಕಲಬುರಗಿಗೆ ಹೋದಂದಿನಿಂದ ಅವ್ವ ಫೋನಿನಲ್ಲಿ ಸರಿಯಾಗಿ ಮಾತಾಡುವುದಿಲ್ಲ, ಅಡುಗೆ ಎಂತ ಎಂದು ಕೇಳಿದರೆ ಮಾತು ಬದಲಿಸುತ್ತಾಳೆ, ಬೇಯಿಸದ ಬಿಸ್ಕತ್ತು ಮಾಡಿ ಕಳಿಸು ಎಂದರೆ ಅಂಗಡಿಯದ್ದು ತಗೊ ಅನ್ನುತ್ತಾಳೆ ಎಂದು ಬರೆದಿದ್ದಿ. ನಾನು ಪೊಲೀಸಿಗೆ ಸೇರಿದ್ದು ಅವಳಿಗೆ ಸಿಟ್ಟಾ ಮಾವ ಎಂದು ಕೇಳಿದ್ದಿ. ಆ ಸಾಲಿನ ಮೇಲೆ ಶಾಯಿ ಸ್ವಲ್ಪ ಹರಡಿತ್ತು. ಬೆವರೇ ಇರಬೇಕು ಎಂದುಕೊಂಡೆ.

ಆ ಬಿಸ್ಕತ್ತು ನಮ್ಮ ಮನೆಗೆ ಬಂದ ಕಥೆ ನಿನಗೆ ನೆನಪಿದೆಯಾ? ಆರನೇ ಕ್ಲಾಸಿನಲ್ಲಿ ಮಡಿಕೇರಿಯ ಹಾಸ್ಟೆಲ್ಲಿನಿಂದ ಒಂದು ಖಾಲಿ ಡಬ್ಬಿ ಹಿಡಿದುಕೊಂಡು ಬಂದಿದ್ದಿ. ಗೆಳತಿಯ ಬಿಸ್ಕತ್ತು ಇದ್ದದ್ದಂತೆ, ಓವನ್ ಬೇಡ ಗಡ, ಅದೇ ಬೇಕು ಎಂದು ಹಠ. ಡಬ್ಬಿಯಲ್ಲಿ ಒಂದು ಪುಡಿಯೂ ಉಳಿದಿರಲಿಲ್ಲ. ನನ್ನ ಅಕ್ಕ, ಅದೇ ನಿನ್ನ ಅವ್ವ, ಅದಕ್ಕೆ ಮೂಗಿಟ್ಟು, ಕಣ್ಣು ಮುಚ್ಚಿ, ಹುರಿದು ಅರೆದ ಕಡಲೆಬೀಜ, ಸಕ್ಕರೆ ಪಾಕ, ಜೋಳದ ಅವಲಕ್ಕಿಯಂಥದ್ದು ಎಂತದೋ ಎಂದಳು. ಪಾಕಕ್ಕೆ ಅವರು ಇನ್ನೊಂದು ಏನೋ ಹಾಕಿದ್ದಾರೆ, ಅದು ನಮಗೆ ಬೇಡ, ಜೇನುಂಟಲ್ಲ ಎಂದು ಜೇನು ಹಾಕಿದಳು. ಮಾರನೆಯ ದಿನ ನೀನು ತಿಂದು, ಗೆಳತಿಯದ್ದಕ್ಕಿಂತ ಚಂದ ಅಂದಿ.

ಅಂಥ ಮೂಗು ಅದು. ಕಣದಲ್ಲಿ ಹರಡಿದ ಕಾಫಿ ಹುಳಿ ಹಿಡಿದಿದೆಯೋ ಇಲ್ಲವೋ ಎಂಬುದನ್ನು ಗೇಟಿನಲ್ಲೇ ನಿಂತು ಹೇಳುತ್ತಿದ್ದಳು. ಮದುವೆಮನೆಯಿಂದ ಬರುವ ನಾನು ಎಷ್ಟು ಗ್ಲಾಸು ಹಾಕಿದ್ದೇನೆ ಎಂಬುದನ್ನೂ ಹೇಳುತ್ತಿದ್ದಳು. ಒಮ್ಮೆಯೂ ಲೆಕ್ಕ ತಪ್ಪಲಿಲ್ಲ. ಆ ಒಂದು ವಿದ್ಯೆ ಮಾತ್ರ ನನಗೆ ಇಷ್ಟವಿರಲಿಲ್ಲ.

ಅಂಥವಳಿಗೆ ನಿನ್ನ ಪತ್ರದ ಬಿಸ್ಕತ್ತಿನ ಸಾಲಷ್ಟನ್ನು ಓದಿ ಹೇಳಿದರೆ, ನಂಗೆ ಪುರ್ಸೊತ್ತಿಲ್ಲೆ, ನೀನೇ ಮಾಡಿ ಕಳ್ಸ್ ಎಂದು ಎದ್ದು ಕೊಟ್ಟಿಗೆಗೆ ಹೋದಳು.

ಒಂದು ಬಿಸ್ಕತ್ತಿಗೆ ಬೊಳ್ಳಪ್ಪ ಹೆದರುತ್ತಾನಾ? ಬೆಳ್ಯಪ್ಪನ ಅಂಗಡಿಗೆ ಹೋಗಿ ಕಾರ್ನ್‌ಫ್ಲೇಕ್ಸಿನ ದೊಡ್ಡ ಪೊಟ್ಟಣ ತಂದೆ. ಬುಟ್ಟಿಗೆ ಸುರಿದು, ಅರ್ಧ ಗಂಟೆ ಬೆಳ್ಯಪ್ಪನ ರಾಜಕೀಯ ನೆನೆದು ನಿನ್ನ ಅತ್ತೆಗೆ ಹೇಳಿ ಮುಗಿಸುವಷ್ಟರಲ್ಲಿ, ನಮ್ಮ ಆಟಿ ತಿಂಗಳ ಮಳೆಯ ಥಂಡಿಗೆ ಅದು ಒದ್ದೆ ಕಾಗದದ ಹಾಗೆ ಮೆತ್ತಗಾಗಿತ್ತು. ಆಗ ನನ್ನ ತಲೆ ಓಡಿತು. ಒಣಗದ್ದೆಲ್ಲ ನಮ್ಮಲ್ಲಿ ಒಣಗುವುದು ಎಲ್ಲಿ? ಒಲೆಯ ಮೇಲಿನ ಅಟ್ಟದಲ್ಲಿ. ಕಾಳುಮೆಣಸು, ಹಂದಿ ಮಾಂಸ, ನನ್ನ ಕಾಲುಚೀಲ ಎಲ್ಲ ಅಲ್ಲೇ. ಬುಟ್ಟಿಯನ್ನೂ ಅಲ್ಲೇ ಏರಿಸಿದೆ. ಮಾರನೆಯ ದಿನ ಇಳಿಸಿದಾಗ ಕೈಯಾಡಿಸಿದರೆ ತರಗೆಲೆಯ ಹಾಗೆ ಸದ್ದು. ಈ ಉಪಾಯ ಯಾವ ಕಂಪನಿಯ ಇಂಜಿನಿಯರಿಗೂ ಹೊಳೆಯಲಿಕ್ಕಿಲ್ಲ.

ಕಡಲೆಬೀಜ ಹುರಿದು ಎಣ್ಣೆ ಬಿಡುವವರೆಗೆ ಅರೆದೆ. ಸಕ್ಕರೆ, ಜೇನು ಕುದಿಸಿ ಇಳಿಸಿ, ಅರೆದದ್ದನ್ನು ಕಲಸಿ, ಕಾರ್ನ್‌ಫ್ಲೇಕ್ಸಿನ ಮೇಲೆ ಸುರಿದು ಮಗುಚಿ, ಬಾಳೆ ಎಲೆಯ ಮೇಲೆ ಚಮಚದಲ್ಲಿ ಇಟ್ಟೆ. ಆರಿದಾಗ ಇಪ್ಪತ್ತೆಂಟು ಬಿಸ್ಕತ್ತು, ಎಲ್ಲ ಮಿರಮಿರ. ನಿನ್ನ ಅತ್ತೆ ಒಂದು ಕಚ್ಚಿ, ಹೊಗೆಗೆ ಹಾಕಿದ ಕಂಬಳಿ ತಿಂದಂಗೆ ಉಟ್ಟು ಅಂದಳು. ಕುಂಟ ನಾಯಿಗೆ ಒಂದು ಹಾಕಿದೆ. ಅದು ಮೂಸಿ, ಮಾಂಸ ಎಲ್ಲಿ ಎಂದು ಹುಡುಕಿತು.

ಆಗ ನನಗೆ ಇನ್ನೊಂದು ಉಪಾಯ ಹೊಳೆಯಿತು. ಇದನ್ನು ಅಕ್ಕನಿಗೆ ತಿನ್ನಿಸುವುದು. ಅವಳಿಗೆ ಸಿಟ್ಟು ಬರುತ್ತದೆ, ನನ್ನ ಮಗಳಿಗೆ ಇಂಥದ್ದು ಕಳಿಸುತ್ತೀಯಾ ಎಂದು ಬೈದು, ತಾನೇ ಸೆರಗು ಸಿಕ್ಕಿಸಿ ಒಲೆ ಮುಂದೆ ನಿಲ್ಲುತ್ತಾಳೆ. ನಾಲ್ಕು ಬಿಸ್ಕತ್ತು ತಟ್ಟೆಯಲ್ಲಿಟ್ಟುಕೊಂಡು ಅವಳ ಮನೆಗೆ ಹೋದೆ. ಬಾಗಿಲಲ್ಲೇ ಬೈಗುಳ ಬರುತ್ತದೆ ಎಂದು ಕಾದೆ, ಬರಲಿಲ್ಲ. ಅಕ್ಕ ಒಂದನ್ನು ತೆಗೆದುಕೊಂಡು ನಿಧಾನಕ್ಕೆ ಅಗಿದಳು, ಅಂಗಳ ನೋಡಿದಳು.

"ಲಾಯ್ಕ ಉಟ್ಟು. ಕಳ್ಸ್."

ಹುಟ್ಟಿ ಐವತ್ತೆಂಟು ವರ್ಷದಲ್ಲಿ ಅಕ್ಕ ನನ್ನನ್ನು ಹೊಗಳಿದ್ದು ಅದೇ ಮೊದಲು. ಮೆಟ್ಟಿಲು ಇಳಿದು ಒಂದೂವರೆ ಹೆಜ್ಜೆ ಇಡುವವರೆಗೆ ನಾನು ರಾಜನಾಗಿದ್ದೆ. ಆಮೇಲೆ ಕಾಲು ನಿಂತಿತು. ತಿರುಗಿ ಬಂದೆ.

"ಅಕ್ಕ, ಇದ್ರಲ್ಲಿ ಎಂತ ವಾಸನೆ ಉಟ್ಟು, ಹೇಳ್."

ಜೇನಿಂದ್ ಅಂದಳು. ಮತ್ತೆ ಎಂತದ್ದು ಎಂದೆ. ಅವಳು ತಟ್ಟೆಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಜನವರಿಯ ಜ್ವರ ಬಿಟ್ಟ ಮೇಲೆ ನಂಗೆ ಒಂದು ವಾಸನೆಯೂ ಇಲ್ಲೆ ಬೊಳ್ಳ. ಮಗಳಿಗೆ ಹೇಳ್ಬೇಡ."

ಉಪ್ಪು, ಹುಳಿ, ಸಿಹಿ ಇಷ್ಟು ನಾಲಿಗೆಗೆ ಸಿಗುತ್ತದಂತೆ, ಉಳಿದದ್ದೆಲ್ಲ ಕಾಗದ ಅಗಿದಂತೆ. ಒಬ್ಬಳೇ ಮಡಿಕೇರಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದಾಳೆ. ನಿಧಾನಕ್ಕೆ ಬರಬಹುದು, ಬಾರದೆಯೂ ಇರಬಹುದು ಎಂದರಂತೆ. ಅದೇ ಹೊತ್ತಿಗೆ ನಿನ್ನ ತರಬೇತಿಯ ಆರ್ಡರು ಬಂತು. ಭಾವ ತೀರಿಕೊಂಡಾಗ ನೀನು ಓದು ಬಿಟ್ಟು ಒಂದು ವರ್ಷ ಅವಳ ಸೆರಗು ಹಿಡಿದು ಕೂತಿದ್ದಿಯಲ್ಲ, ಈಗಲೂ ಹಾಗೇ ಮಾಡುತ್ತಿ ಎಂದು ಬಾಯಿ ಮುಚ್ಚಿಕೊಂಡಳು. ಫೋನಿನಲ್ಲಿ ಅಡುಗೆಯ ಮಾತು ತಪ್ಪಿಸಿದ್ದು ಅದಕ್ಕೆ. ಇದರಲ್ಲಿ ಎಲ್ಲಿ ಉಂಟು ಮಾರಾಯ್ತಿ ಸಿಟ್ಟು?

ನಾನೂ ದಡ್ಡನೇ. ಈ ಸಲ ಆಟಿ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡಿದ ದಿನ, ಪರಿಮಳ ಬಂತಾ ಎಂದು ನನ್ನನ್ನು ಕೇಳಿದ್ದಳು. ಆ ಸೊಪ್ಪಿನ ಘಮ ಮೂರು ಮನೆ ಆಚೆಗೂ ಹೋಗುತ್ತದೆ. ಕೊನೆಗೂ ಅಕ್ಕ ನನ್ನ ಅಭಿಪ್ರಾಯ ಕೇಳಿದಳು ಎಂದು ನಾನು ಎದೆಯುಬ್ಬಿಸಿ ತಲೆಯಾಡಿಸಿ ಬಂದಿದ್ದೆ.

ಮಾರನೆಯ ದಿನ ಬೆಳಿಗ್ಗೆಯೇ ಹೋದೆ. ನಿನ್ನ ಕೈ, ನನ್ನ ಮೂಗು, ಸೇರಿದರೆ ಮೊದಲಿನ ಯಮುನಕ್ಕ ಆಗುತ್ತದೆ ಎಂದೆ. ನಿನ್ನ ಮೂಗು ನಶ್ಯ ಏರ್ಸಿ ಸತ್ತು ಇಪ್ಪತ್ತು ವರ್ಷ ಆತ್ ಅಂದಳು. ಆದರೆ ಎದ್ದಳು.

ಸಿಂಚನಾ, ನಾನು ಹೊಗಳುವುದು ನನ್ನೊಬ್ಬನನ್ನೇ ಎಂದು ಊರೆಲ್ಲ ಹೇಳುತ್ತದೆ. ಈಗ ಬರೆಯುವುದನ್ನು ನಂಬು. ಕಡಲೆಬೀಜ ಹುರಿಯುವಾಗ ಅವಳು ಬಾಣಲೆಗೆ ಕಿವಿ ಕೊಟ್ಟು ನಿಂತಳು. ಸಿಪ್ಪೆ ಬಿರಿಯುವ ಸದ್ದು ಒತ್ತೊತ್ತಾಗಿ ಬಂದು ಮತ್ತೆ ವಿರಳವಾದಾಗ, ಎರಡು ಕಾಳು ಬೆರಳಲ್ಲಿ ಉಜ್ಜಿ ನೋಡಿ ಇಳಿಸಿದಳು. ಕಾರ್ನ್‌ಫ್ಲೇಕ್ಸನ್ನು ಅಟ್ಟಕ್ಕೆ ಹಾಕಲಿಲ್ಲ. ಹೊಗೆಯಾಡದ ಕೆಂಡದ ಮೇಲೆ ಒಣ ಬಾಣಲೆ ಇಟ್ಟು, ಅಂಗೈಯಲ್ಲೇ ಮಗುಚುತ್ತಾ ಬೆಚ್ಚಗೆ ಮಾಡಿದಳು. ಪಾಕ ಕುದಿಯುವಾಗ ಸಣ್ಣ ಗುಳ್ಳೆಯ ಸದ್ದು ನಿಂತು ದಪ್ಪ ಗುಳ್ಳೆಯ ಸದ್ದು ಶುರುವಾಯಿತಂತೆ, ನನಗೆ ಎರಡೂ ಒಂದೇ ಕೇಳಿಸಿತು. ಮೂರು ಸಲ ನನ್ನ ಮೂಗನ್ನು ಕರೆದಳು. ಮೂರು ಸಲವೂ ನಾನು ಹದ ಎಂದು ಬಾಯಿ ತೆರೆಯುವ ಮೊದಲೇ ಪಾತ್ರೆ ಕೆಳಗಿಳಿದಿತ್ತು. ಮೂಗಾಗಿ ಹೋದವನು ಬಾಳೆ ಎಲೆ ಒರೆಸಿಕೊಂಡು ಕೂತೆ.

ಕೊನೆಗೆ ಒಂದನ್ನು ನನ್ನ ಕೈಗೆ ಕೊಟ್ಟು, ಮುಖ ನೋಡುತ್ತಾ ನಿಂತಳು. ಅಡುಗೆ ಮಾಡಿ ಇನ್ನೊಬ್ಬರ ಮುಖ ನೋಡುವ ಪೈಕಿಯಲ್ಲ ಅವಳು, ನಿನಗೂ ಗೊತ್ತು. ನಾನು ಬೇಕೆಂದೇ ನಿಧಾನ ಅಗಿದು ಸತಾಯಿಸಿದೆ. ಹೇಳ್ ಹಾಳಾದವ್ನೇ ಎಂದು ಚಮಚ ಎತ್ತಿದಳು. ಆರನೇ ಕ್ಲಾಸಿನ ಸಿಂಚನಾ ತಿಂದದ್ದೇ ಇದು ಎಂದೆ. ಅವಳು ಪಾತ್ರೆಯ ತಳ ಕೆರೆದು ಇನ್ನೂ ಎರಡು ಇಟ್ಟಳು.

ಕೆಳಗಿನ ಪದರ ಅದೇ. ಒಂದು ಹಲ್ಲಿಗೂ ಹೊಗೆ ಸಿಗಲಿಕ್ಕಿಲ್ಲ.

ಮಗಳಿಗೆ ಹೇಳುವುದಿಲ್ಲ ಎಂದು ಅವಳ ಕೈ ಮುಟ್ಟಿ ಮಾತು ಕೊಟ್ಟಿದ್ದೇನೆ. ಬಾಯಿಬಿಟ್ಟು ಹೇಳಿಲ್ಲ ನೋಡು, ಬರೆದಿದ್ದೇನೆ. ನೀನು ಮಾತ್ರ ಬ್ಯಾಗು ಕಟ್ಟಿಕೊಂಡು ಬರಬೇಡ. ತರಬೇತಿ ಮುಗಿಸಿ, ಖಾಕಿ ಹಾಕಿಕೊಂಡೇ ಬಾ. ಭಾನುವಾರ ಫೋನು ಬಂದಾಗ ಅಡುಗೆ ಎಂತ ಎಂದು ಕೇಳಬೇಡ. ಬಿಸ್ಕತ್ತು ಕಚ್ಚಿದರೆ ಎಷ್ಟು ಜೋರು ಸದ್ದು ಬಂತು ಎಂಬುದನ್ನು ಹೇಳು. ಅದು ಅವಳಿಗೆ ಅರ್ಥವಾಗುತ್ತದೆ.

ಕಾವೇರಮ್ಮ ನಿನ್ನನ್ನು ಕಾಯಲಿ, ನಿನ್ನ ಕಾಲಿನ ಬೂಟು ಕಚ್ಚದಿರಲಿ, ಗುರಿ ತಪ್ಪದಿರಲಿ.

ಇತಿ ನಿನ್ನ ಮಾವ,
ಬೊಳ್ಳಪ್ಪ

ತಾ.ಕ.: ಸೆಕೆಯ ಊರು ಎಂದು ನಿನ್ನ ಕೆಂಪು ಸ್ವೆಟರು ಇಲ್ಲೇ ಬಿಟ್ಟು ಹೋಗಿದ್ದಿಯಲ್ಲ, ಅವ್ವ ಅದನ್ನು ಒಗೆದಿಲ್ಲ. ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಟಿನ್ನು ಮುಚ್ಚಿದ ಮೇಲೆ ಅದನ್ನು ತಂದು ನನ್ನ ಕೈಗೆ ಕೊಟ್ಟು, ಮಗಳ ವಾಸನೆ ಇನ್ನೂ ಉಟ್ಟಾ, ಮೂಸಿ ಹೇಳ್ ಅಂದಳು. ಮೂಸಿದೆ. ಒಲೆಯ ಹೊಗೆ ಬಿಟ್ಟು ಬೇರೇನೂ ಇರಲಿಲ್ಲ. ಉಟ್ಟು ಅಕ್ಕ, ಹಾಗೇ ಉಟ್ಟು ಎಂದೆ. ನಾನು ಎಷ್ಟೋ ಸುಳ್ಳು ಹೇಳಿ ಬೀಗಿದ್ದೇನೆ, ಇದನ್ನು ನಿನ್ನ ಅತ್ತೆಗೂ ಹೇಳಿಕೊಳ್ಳಲಿಲ್ಲ. ಟಿನ್ನು ವಾಪಸು ಕಳಿಸುವಾಗ ನೀನು ತೊಟ್ಟ ಒಂದು ಬಟ್ಟೆಯನ್ನು ಒಗೆಯದೆ ಅದರೊಳಗೆ ಇಡು. ಅವಳು ಮತ್ತೆ ಕೇಳುತ್ತಾಳೆ.