ನಿಧಾನದ ಗಡಿಯಾರ

ಮಾವನಿಗೆ ನಮಸ್ಕಾರ.

ಅಜ್ಜನ ಮನೆ ಖಾಲಿ ಮಾಡುವಾಗ ಅಡುಗೆಮನೆ ಬಾಗಿಲ ಮೇಲಿನ ಗಡಿಯಾರವನ್ನು ನನಗೆ ಕಳಿಸಿಕೊಡಿ. ದಯವಿಟ್ಟು ರಿಪೇರಿ ಮಾಡಿಸಬೇಡಿ.

ರಜೆ ಮುಗಿದು ನಾವು ಹೊರಡುವ ದಿನ, ರಿಪೇರಿಗೆ ಬಂದ ಗಡಿಯಾರಗಳೆಲ್ಲ ಒಂದರ ಹಿಂದೊಂದು ನಾಲ್ಕು ಹೊಡೆಯುತ್ತಿದ್ದವು. ಗೋಡೆಯ ಬಿಸಿಲು, ಎಣ್ಣೆಯ ವಾಸನೆ ಎಲ್ಲ ಆ ಸದ್ದಿನಲ್ಲಿ ತೇಲುತ್ತಿದ್ದವು. ಅಮ್ಮ ಚೀಲ ಎತ್ತಿಕೊಂಡರೆ ಅಜ್ಜ, "ತಡಿ ಮಗಳೇ, ಇನ್ನೂ ಒಂದು ಹೊಡೀಬೇಕು," ಎನ್ನುತ್ತಿದ್ದರು. ಊರವರ ಗಡಿಯಾರಗಳನ್ನೆಲ್ಲ ಸರಿಮಾಡುವ ಅವರು ಅಡುಗೆಮನೆಯದೊಂದನ್ನು ಮಾತ್ರ ಬೇಕೆಂದೇ ಅರ್ಧ ಗಂಟೆ ಹಿಂದೆ ಇಟ್ಟಿದ್ದರು. ಬಸ್ಸು ತಪ್ಪಿ ನಮಗೆ ಇನ್ನೊಂದು ದಿನ ಸಿಗುತ್ತಿತ್ತು.

ಆಸ್ಪತ್ರೆಯಲ್ಲಿ ಅಮ್ಮ ಈಗ ದಿನವೂ ಚೀಲ ಹುಡುಕುತ್ತಾಳೆ. "ಎಲ್ಲಾ ಹೊಡೆದ್ವಾ? ಹೊರಡ್ಲಾ?" ಎನ್ನುತ್ತಾಳೆ.

"ತಡಿ ಅಮ್ಮ, ಇನ್ನೂ ಒಂದಿದೆ," ಎಂದು ಹೇಳಿದ್ದೇನೆ.

ಬೇಗ ಕಳಿಸಿ.

ನಿಮ್ಮ ಅಕ್ಕನ ಮಗಳು