ಅಪ್ಪನ ಮಾತು ಮೀರಿ ಕೇಳಿದ ಆಸರೆ

ಫುಟ್ಸ್‌ಕ್ರೇ, ಮೆಲ್ಬರ್ನ್
ಆಗಸ್ಟ್ ತಿಂಗಳ ಎರಡನೇ ಭಾನುವಾರ, ೨೦೧೬

ನನ್ನ ಮುದ್ದಿನ ಗಿರ್ಮಾಯ್,

ಹೇಗಿದ್ದೀಯ ಮಗನೇ? ಅಸ್ಮಾರಾದಲ್ಲಿ ಈಗ ಮಳೆ ಹಿಡಿದಿರಬೇಕು. ಥಂಡಿಗೆ ನಿನ್ನ ತೊಡೆಯೊಳಗಿನ ಗುಂಡಿನ ಚೂರು ಮತ್ತೆ ಕಾಡುತ್ತಿದೆಯೇ? ಅಗಸೆ ಬೀಜ ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೋ ಎಂದು ಎಷ್ಟು ಸಲ ಹೇಳಿದ್ದೇನೆ, ನೀನು ಕೇಳುವ ಜಾತಿಯವನಲ್ಲ. ನನ್ನ ಎರಡು ಕಣ್ಣಿನ ಪೊರೆಯನ್ನೂ ತೆಗೆದರು. ಈಗ ಬೀದಿಯ ಆಚೆ ತುದಿಯ ಟ್ರಾಮ್ ಕೂಡ ಕಾಣುತ್ತದೆ, ನಿನ್ನ ತಂಗಿ ಅಬ್ರೆಹೆತ್ ಅಡುಗೆಮನೆಯ ಮೂಲೆಯಲ್ಲಿ ಬಿಟ್ಟ ಧೂಳೂ ಕಾಣುತ್ತದೆ. ಎರಡನೆಯದು ಅವಳಿಗೆ ಅಷ್ಟು ಖುಷಿಯ ಸಂಗತಿಯಲ್ಲ. ಅಕ್ಷರಗಳಂತೂ ಎಷ್ಟು ಕಪ್ಪಗೆ, ದುಂಡಗೆ ಕಾಣುತ್ತಿವೆ ನೋಡು! ನಿನ್ನ ಜೊತೆ ಹೋರಾಡಿದ ಹುಡುಗಿಯರು ಯುದ್ಧದ ನಡುವೆ ನಮ್ಮ ಹಳ್ಳಿಗೆ ಬಂದು ಮರದ ಕೆಳಗೆ ಕೂರಿಸಿ ಕಲಿಸಿದ ಅಕ್ಷರ ಇದು. ಅದರಲ್ಲಿ ಈಗ ನಿನಗೇ ಬರೆಯುತ್ತಿದ್ದೇನೆ. ತೆಕ್ಲಾಯ್ ಮೇಷ್ಟ್ರು ಈ ವಾರ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲೇ ಕೊಡುತ್ತೇನೆ. ಅವರೇ ಮನೆ ಬಾಗಿಲಿಗೆ ಬಂದು ಕೊಟ್ಟರೆ ಓದದೆ ಎತ್ತಿಡುವ ಧೈರ್ಯ ನಿನಗಾಗಲಿಕ್ಕಿಲ್ಲ.

ವಿಚಾರಣೆಯ ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಸುದ್ದಿ ನಿನಗೆ ಯಾರ ಯಾರ ಬಾಯಿಂದಲೋ ಮುಟ್ಟಿರಬಹುದು. ನನ್ನ ಬಾಯಿಂದಲೂ ಕೇಳಿಬಿಡು: ಫಿಯೋರಿಗೆ ಇಲ್ಲಿ ಆಸರೆ ಸಿಕ್ಕಿತು. ನಿನ್ನ ಮಗಳನ್ನು ವಾಪಸ್ ಕಳಿಸುವುದಿಲ್ಲ. ಕಾಗದ ಹರಿಯಬೇಡ, ಮುಂದೆ ಓದು.

ನನ್ನ ಕಣ್ಣಿಗೆ ಚಿಕಿತ್ಸೆಯಾಗಬೇಕು, ಮುದುಕಿಗೆ ಜೊತೆಗೊಬ್ಬರು ಬೇಕು ಎಂದು ನೀನು ಆ ಕಚೇರಿ ಈ ಕಚೇರಿ ಅಲೆದದ್ದು ನನಗೆ ಗೊತ್ತು. ಹದಿನಾರರ ಹುಡುಗಿಯನ್ನು ದೇಶದಿಂದ ಆಚೆ ಬಿಡುವುದು ಸಣ್ಣ ಮಾತಲ್ಲ. ಹಳೆಯ ಹೋರಾಟಗಾರ ಎಂಬ ಗೌರವವನ್ನೇ ಒತ್ತೆಯಿಟ್ಟು, ಇಬ್ಬರೂ ವಾಪಸ್ ಬರುತ್ತಾರೆ ಎಂದು ಮಾತು ಕೊಟ್ಟು ನಮ್ಮನ್ನು ಹತ್ತಿಸಿದೆ. ನಾವು ಬಂದದ್ದೂ ವಾಪಸ್ ಹೋಗುವ ಮನಸ್ಸಿನಿಂದಲೇ. ದೇವಮಾತೆ ಮರಿಯಮ್ಮನ ಆಣೆ, ಹುಡುಗಿಯ ತಲೆಯಲ್ಲೂ ಬೇರೆ ಇರಲಿಲ್ಲ. ಬಂದ ಹೊಸದರಲ್ಲಿ ನಿನಗೆ ಉಡುಗೊರೆ ಏನು ಒಯ್ಯುವುದು ಎಂಬುದೇ ಅವಳ ಚಿಂತೆ. ಅತ್ತೆಯ ಹಳೆಯ ಸೈಕಲ್ ಹತ್ತಿ ಮರಿಬರ್ನಾಂಗ್ ಹೊಳೆಯ ದಂಡೆಗುಂಟ ಹೋಗಿಬಂದು, "ಅಜ್ಜಿ, ಇಲ್ಲಿ ಏರೇ ಇಲ್ಲ. ನಮ್ಮಪ್ಪ ಇಲ್ಲಿ ಸೈಕಲ್ ಕಲ್ಸಿದ್ರೆ ನಾನು ಸೋಮಾರಿ ಆಗ್ತಿದ್ದೆ" ಎಂದು ನಗುತ್ತಿದ್ದಳು.

ಆಮೇಲೆ ಫಿಲ್ಮೊನ್ ಫೋನ್ ಮಾಡಿದ. ನಿನ್ನ ಮಗ ನಿನಗೆ ಮಾಡುವ ಫೋನಿನಲ್ಲಿ ಚೆನ್ನಾಗಿದ್ದೇನೆ ಎನ್ನುತ್ತಾನೆ, ತಂಗಿಗೆ ಮಾಡುವುದರಲ್ಲಿ ಹಾಗೆ ಅನ್ನುವುದಿಲ್ಲ. ಹದಿನೆಂಟಕ್ಕೆ ಕಡ್ಡಾಯ ಸೈನ್ಯಸೇವೆಯ ಶಿಬಿರಕ್ಕೆ ಹೋದವನಿಗೆ ಈಗ ಇಪ್ಪತ್ತೇಳು. ಇನ್ನೂ ಬಿಡುಗಡೆಯಿಲ್ಲ, ಆ ಅಣೆಕಟ್ಟಿನಲ್ಲಿ ಕಲ್ಲು ಹೊರುತ್ತಿದ್ದಾನೆ. ಮದುವೆಗೆಂದು ರಜೆ ಕೇಳಿದ್ದನಂತೆ, ಸಿಗಲಿಲ್ಲವಂತೆ. ಅಷ್ಟು ವರ್ಷ ಕಾದ ಆ ಕೆರೆನ್ ಊರಿನ ಹುಡುಗಿ ಬೇರೆಯವನ ಕೈ ಹಿಡಿದಳಂತೆ. ಮರುದಿನ ನಾನು ಪೆಟ್ಟಿಗೆ ತುಂಬುತ್ತಿದ್ದಾಗ ಫಿಯೋರಿ ಬಾಗಿಲಲ್ಲಿ ನಿಂತು, "ಅಜ್ಜಿ, ನನ್ನ ಬಟ್ಟೆ ಇಡ್ಬೇಡ. ನಾನು ಬರಲ್ಲ" ಎಂದಳು.

ನಾನು ಸುಮ್ಮನಿದ್ದೆನೆಂದು ತಿಳಿಯಬೇಡ. ಕೈಲಿದ್ದ ಟವೆಲ್ಲನ್ನೇ ಅವಳ ಮೇಲೆ ಎಸೆದೆ. "ನಿಮ್ಮಪ್ಪ ಮಾತು ಕೊಟ್ಟವ್ನೆ ಕಣೇ! ಆ ಜೀವ ಯಾವತ್ತಾದ್ರೂ ಮಾತಿಗೆ ತಪ್ಪಿದ್ದುಂಟಾ?" ಎಂದು ಕೂಗಿದೆ. ಅವಳು ಟವೆಲ್ ಹಿಡಿದು ಮಡಿಸುತ್ತಾ ಹೇಳಿದಳು: "ಅಪ್ಪ ಕೊಟ್ಟಿದ್ದು ಅಪ್ಪನ ಮಾತು. ನನ್ನ ಕೇಳಿದ್ರಾ? ಮುಂದಿನ ವರ್ಷ ನನ್ನೂ ಆ ಶಿಬಿರಕ್ಕೆ ಕರೀತಾರೆ. ಫಿಲ್ಮೊನ್‌ನ ನೋಡ್ದ ಮೇಲೂ ಹೋಗು ಅಂತ ನೀನೇ ಹೇಳು. ನೀನು ಹೇಳಿದ್ರೆ ಹೋಗ್ತೀನಿ."

ಹೇಳಬೇಕಾಗಿತ್ತು, ಗಿರ್ಮಾಯ್. ಹೇಳಲಾಗಲಿಲ್ಲ. ತಾಯಿಯಿಲ್ಲದ ಕೂಸನ್ನು ನಾಲ್ಕು ವರ್ಷದವಳಿದ್ದಾಗಿನಿಂದ ಈ ಮಡಿಲಲ್ಲಿ ಬೆಳೆಸಿದವಳು ನಾನು. ಆವತ್ತು ಹೊರಡಬೇಕಿದ್ದ ವಿಮಾನ ನಮ್ಮಿಬ್ಬರನ್ನೂ ಬಿಟ್ಟು ಹೋಯಿತು.

ವಕೀಲೆ ಕತೇರಿನಾ ಗ್ರೀಕರವಳು. ಮನೆಗೆ ಬಂದರೆ ಮೂರು ಸುತ್ತು ಕಾಫಿ ಮುಗಿಯುವ ತನಕ ಏಳುವುದಿಲ್ಲ, ಅಷ್ಟಕ್ಕೇ ನನಗೆ ಹಿಡಿಸಿದಳು. ಮೊದಲ ದಿನವೇ ಅವಳನ್ನು ಕೇಳಿದೆ: ಅಪ್ಪ ಬದುಕಿದ್ದಾನೆ, ಬಾ ಅನ್ನುತ್ತಿದ್ದಾನೆ, ಹೀಗಿರುವಾಗ ಹದಿನಾರರ ಮಗು ತಾನೇ ಹೋಗಿ ಬೇರೆ ದೇಶದ ಆಸರೆ ಕೇಳಬಹುದೇ? ಕೇಳಬಹುದು, ಕೊಡುತ್ತಾರೋ ಇಲ್ಲವೋ ಹೇಳಲಾರೆ ಎಂದಳು. "ಅಪ್ಪ ಅಮ್ಮ ಓಡಿಬಂದ್ರೆ ಮಕ್ಕಳು ಹಿಂದೆ ಬರ್ತಾರೆ, ಅದು ಸುಲಭ. ಅಪ್ಪ ಅಲ್ಲೇ ನಿಂತು 'ಇಲ್ಲಿ ಭಯ ಇಲ್ಲ, ಕಳ್ಸಿ' ಅಂದ್ರೆ, ಮಗುವಿನ ಭಯ ಮಗುವಿಂದೇ ಅಂತ ತೋರಿಸ್ಬೇಕು. ಅದು ಕಷ್ಟ ಅಮ್ಮಾ." ಅಷ್ಟರಲ್ಲಿ ನಿನ್ನ ಆಕ್ಷೇಪಣೆ ಬಂತು. ನಾನು ತಂದೆ, ನನ್ನ ಒಪ್ಪಿಗೆಯಿಲ್ಲ, ನನ್ನ ಮಗಳನ್ನು ಕಳಿಸಿ, ನನ್ನ ಮಾತನ್ನೂ ಕೇಳಲೇಬೇಕು ಎಂದು ಪಟ್ಟು ಹಿಡಿದೆಯಲ್ಲ, ಅದನ್ನು ಓದಿದ ಫಿಯೋರಿ ಎರಡು ದಿನ ಊಟ ಬಿಟ್ಟಳು. ಸಿಟ್ಟಿನಿಂದಲ್ಲ. "ಅಪ್ಪ ನನ್ ಹೆಸ್ರು ಪೂರ್ತಿ ಬರ್ದಿದಾರೆ ಅಜ್ಜಿ, ಪುಟ್ಟೀ ಅಂತ ಬರ್ದಿಲ್ಲ" ಎಂದು ಅತ್ತಳು.

ನಮ್ಮ ಜನರೂ ಎರಡು ಪಾಲಾದರು. ಅರ್ಧ ಜನ ನಮ್ಮ ಮನೆಗೆ ಹಿಂಬಾಶಾ ರೊಟ್ಟಿ ಹೊತ್ತು ಬಂದರು, ಇನ್ನರ್ಧ ಜನ ರಸ್ತೆಯ ಆಚೆ ಬದಿಗೆ ದಾಟಿಕೊಂಡರು. ಇಗರ್ಜಿಯ ಅಂಗಳದಲ್ಲಿ ಆ ದಪ್ಪ ಬಳೆಯ ಜೆವ್ದಿ ಎಲ್ಲರೆದುರು, "ಏನ್ ಲೆತೆಂಕಿಯೆಲಮ್ಮಾ, ಅಪ್ಪ ರಕ್ತ ಸುರ್ಸಿ ತಂದ ದೇಶಾನ ಮಗಳು ಕಾಲಲ್ಲಿ ಒದ್ಲಂತೆ?" ಎಂದಳು. "ಅಷ್ಟು ಪ್ರೀತಿ ಇದ್ರೆ ನೀನು ಇಪ್ಪತ್ತು ವರ್ಷದಿಂದ ಇಲ್ಲಿ ಯಾಕವ್ವಾ ಕೂತಿದೀಯ? ನಾಳೆನೇ ಹೊರಡು, ನನ್ ಪೆಟ್ಟಿಗೆ ಖಾಲಿ ಇದೆ, ಕೊಡ್ತೀನಿ" ಎಂದೆ. ಪಾದ್ರಿಗಳು ಗಡ್ಡದೊಳಗೆ ನಕ್ಕದ್ದನ್ನು ನನ್ನ ಹೊಸ ಕಣ್ಣು ಕಂಡಿತು.

ವಿಚಾರಣೆಯ ದಿನ ಬೆಳಗ್ಗೆ ಅಬ್ರೆಹೆತ್ ನನಗೆ ಬಿಳಿ ನೆತ್ಸೆಲಾ ಶಾಲು ಹೊದಿಸಿದಳು. ಉದ್ದ ಮೇಜಿನ ಆಚೆ ತೀರ್ಪು ಕೊಡುವ ಹೆಂಗಸು, ಈಚೆ ನಾವು, ನಡುವೆ ಒಂದು ಫೋನ್. ಆ ಫೋನಿನೊಳಗೆ ನೀನು. ನಮ್ಮ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬ ಯುವಕನಿದ್ದ. ನೀನು ಮಾತು ತೆಗೆದಾಗ ಅವನು ತನಗರಿವಿಲ್ಲದೆ ಬೆನ್ನು ನೆಟ್ಟಗೆ ಮಾಡಿ ಕುಳಿತ. "ನಾನು ಅವಳಪ್ಪ. ನನ್ನ ಮಗಳಿಗೆ ನನ್ನ ದೇಶದಲ್ಲಿ ಭಯ ಇದೆ ಅಂತ ತೀರ್ಮಾನ ಮಾಡೋಕೆ ನೀವ್ಯಾರು?" ಎಂದೆ. ಆ ಹೆಂಗಸು ಬೇಸರಿಸಿಕೊಳ್ಳಲಿಲ್ಲ. ಅವಳ ಪ್ರಶ್ನೆಗಳು ಒಂದೊಂದೂ ನನಗೆ ನೆನಪಿವೆ. ಫಿಯೋರಿ ವಾಪಸ್ ಬಂದರೆ ಶಿಬಿರಕ್ಕೆ ಕರೆಯುತ್ತಾರೆಯೇ? "ಎಲ್ಲಾ ಮಕ್ಕಳನ್ನೂ ಕರೀತಾರೆ." ಅವಳು ಒಲ್ಲೆ ಎಂದರೆ? "ಒಲ್ಲೆ ಅನ್ನೋ ಹಾಗಿಲ್ಲ." ಮನೆಗೆ ಯಾವಾಗ ಬಿಡುತ್ತಾರೆ? ಫೋನ್ ಕಡಿದುಹೋಯಿತೆಂದು ಯುವಕ ಅದನ್ನು ಮುಟ್ಟಿ ನೋಡಿದ. "ಗೊತ್ತಿಲ್ಲ. ನನ್ನ ಮಗ ಇನ್ನೂ ಬಂದಿಲ್ಲ" ಎಂದೆ ನೀನು. ತಂದೆಯಾಗಿ ನೀವು ಅವಳನ್ನು ತಡೆದು ಮನೆಯಲ್ಲಿ ಇಟ್ಟುಕೊಳ್ಳಬಲ್ಲಿರಾ ಎಂದು ಅವಳು ಕೊನೆಯದಾಗಿ ಕೇಳಿದಳು. ಬಲ್ಲೆ ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು, ಮಗನೇ. ನೀನು, "ನಾನು ತಡೆಯೋನಲ್ಲ. ನಾನೇ ಕೈ ಹಿಡ್ಕೊಂಡ್ ಹೋಗಿ ಬಿಟ್ಟು ಬರ್ತೀನಿ" ಎಂದೆ.

ಫಿಯೋರಿ ಮೇಜಿಗೆ ಹಣೆ ಹಚ್ಚಿದಳು. ಆಮೇಲೆ ನೀನು, ಯಾರೂ ಕೇಳದಿದ್ದರೂ, ದನಿ ಇಳಿಸಿ, "ನಮ್ಮಮ್ಮ ಅಲ್ಲಿದಾಳಾ? ಅವಳ ಕಣ್ಣು ಹೇಗಿದೆ?" ಎಂದೆಯಲ್ಲ, ನಾನು ಬಾಯಿ ತೆರೆಯುವಷ್ಟರಲ್ಲಿ ಆ ಹೆಂಗಸು ಕೈ ಎತ್ತಿ, ನನ್ನ ಸರದಿ ಇನ್ನೂ ಬಂದಿಲ್ಲ ಎಂದಳು. ಅಷ್ಟರಲ್ಲಿ ನಿನ್ನ ಫೋನಿನ ಸಮಯವೂ ಮುಗಿಯಿತು. ಅದಕ್ಕೇ ಈ ಕಾಗದದಲ್ಲಿ ಕಣ್ಣಿನ ವಿಷಯ ಮೊದಲೇ ಬರೆದದ್ದು.

ನನ್ನ ಸರದಿಯಲ್ಲಿ ನಾನು ಏನು ಹೇಳಿದೆ ಎಂಬುದನ್ನು ನಿನಗೆ ಬೇರೆಯವರು ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳುತ್ತೇನೆ. ನಿನ್ನ ಬಗ್ಗೆ ಕೆಟ್ಟ ಮಾತು ಒಂದೂ ಆಡಲಿಲ್ಲ. ನನ್ನ ಮಗ ಬಂಗಾರದಂಥವನು, ಮಗಳನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುತ್ತಾನೆ ಎಂದೆ. ನಿನ್ನಪ್ಪ ಹಾಗೋಸನ ಕಥೆಯನ್ನೂ ಹೇಳಿದೆ. ನೀನು ಕಾಡುಗುಡ್ಡದ ಹೋರಾಟಗಾರರನ್ನು ಸೇರಲು ಮನೆ ಬಿಟ್ಟಾಗ ನಿನಗೂ ಹದಿನಾರು. ಅಪ್ಪ ಬೇಡವೆಂದಿದ್ದ. ಅಪ್ಪ ಒಪ್ಪಲಿ ಎಂದು ನೀನು ಕಾಯಲಿಲ್ಲ. ಅವನು ಗುಡ್ಡದ ಬುಡದ ತನಕ ಹೋಗಿ ನಿನ್ನ ಹೆಸರು ಹಿಡಿದು ಕೂಗಿ ಕೂಗಿ, ದನಿ ಬಿದ್ದು ಮನೆಗೆ ಬಂದ. ವರ್ಷಗಟ್ಟಲೆ ನಿನ್ನ ಹೆಸರೆತ್ತಲಿಲ್ಲ. ಸ್ವಾತಂತ್ರ್ಯ ಬಂದು ನೀನು ಕುಂಟುತ್ತಾ ಅಂಗಳಕ್ಕೆ ಬಂದಾಗ ಬೋಗುಣಿಯಲ್ಲಿ ನೀರು ತಂದು ನಿನ್ನ ಕಾಲು ತೊಳೆದವನು ಅವನೇ. ಆ ರಾತ್ರಿ ನನಗೆ ಒಂದು ಮಾತು ಹೇಳಿದ, ಅದನ್ನು ನಾನು ನಿನಗೆ ಎಂದೂ ಹೇಳಿಲ್ಲ: "ಅವ್ನು ನನ್ ಕೇಳಿದ್ರೆ ಬೇಡ ಅಂತಿದ್ದೆ, ಅವ್ನು ನಿಂತ್ಬಿಡ್ತಿದ್ದ. ಕೇಳ್ದೇ ಹೋಗಿದ್ದೇ ಒಳ್ಳೇದಾಯ್ತು ಕಣೇ." ತೀರ್ಪಿನ ಹೆಂಗಸಿಗೆ ಹೇಳಿದೆ: ತಾಯೀ, ಹದಿನಾರಕ್ಕೆ ನನ್ನ ಮಗನಿಗೆ ತನ್ನ ಮನಸ್ಸು ಗೊತ್ತಿತ್ತು. ಅವನ ಮಗಳಿಗೂ ಗೊತ್ತಿದೆ. ಅವನಿಂದಲೇ ಬಂದದ್ದು ಅದು.

ತೀರ್ಪು ಹೋದ ವಾರ ಬಂತು. ಅಪ್ಪನ ಪ್ರೀತಿಯ ಬಗ್ಗೆ ಸಂಶಯವೇ ಇಲ್ಲವಂತೆ. ಮಗಳ ಭಯವೂ ಸುಳ್ಳಲ್ಲವಂತೆ. ತನಗೇನಾಗುತ್ತದೆ ಎಂದು ಅರಿತು ಹೇಳುವಷ್ಟು ಬುದ್ಧಿ ಬಂದ ಹುಡುಗಿ, ಅಪ್ಪನ ಒಪ್ಪಿಗೆಯಿಲ್ಲ ಎಂಬ ಒಂದೇ ಕಾರಣಕ್ಕೆ ಅವಳ ಮಾತನ್ನು ತಳ್ಳಿಹಾಕಲಾಗದು ಎಂದರಂತೆ. ಅಲ್ಲದೆ ಅಪ್ಪನೇ ಪ್ರಾಮಾಣಿಕವಾಗಿ ಹೇಳಿದ್ದರಿಂದ ಮುಂದಿನದು ಸ್ಪಷ್ಟವಾಯಿತು ಎಂದೂ ಇತ್ತು. ಕತೇರಿನಾ ಅದನ್ನು ಎರಡು ಸಲ ಓದಿ ಹೇಳಿದಳು. ನಿನ್ನ ಮಗಳನ್ನು ಗೆಲ್ಲಿಸಿದ್ದು ವಕೀಲೆಯೂ ಅಲ್ಲ, ನಾನೂ ಅಲ್ಲ. ಸುಳ್ಳು ಬಾರದ ನಿನ್ನ ನಾಲಿಗೆ. ಹೆಮ್ಮೆಪಡಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಇಲ್ಲಿ ಯಾರೂ ಹಬ್ಬ ಮಾಡಲಿಲ್ಲ. ಹುಡುಗಿ ಸುದ್ದಿ ಕೇಳಿ ಗೋಡೆಗೆ ಒರಗಿ ನಿಂತವಳು, "ನಮ್ಮನ್ನ ಕಳ್ಸೋಕೆ ಮಾತು ತಗೊಂಡಿದ್ದ ಕಚೇರಿಯವ್ರು ಅಪ್ಪನ್ನ ಕರೆಸಿದ್ರಂತಲ್ಲ ಅಜ್ಜಿ, ಬೈದ್ರಂತಾ?" ಎಂದಳು. ಅವಳಿಗೆ ಆಸರೆ ಬೇಕಿತ್ತು, ನಿನ್ನನ್ನು ಕಳೆದುಕೊಳ್ಳುವುದು ಬೇಕಿರಲಿಲ್ಲ. ಶಾಲೆ ಶುರುವಾಗಿದೆ. ಗಣಿತದಲ್ಲಿ ಮುಂದು, ಇಂಗ್ಲಿಷ್ ಮಾತು ಮಾತ್ರ ಇಲ್ಲಿನವರ ಹಾಗೆ ಮೂಗಿನಿಂದ ಹೊರಡತೊಡಗಿದೆ. ಈಗ ಫಿಲ್ಸೆತಾ ಉಪವಾಸವಲ್ಲವೇ, ಹಾಲು ಮೊಟ್ಟೆ ಮುಟ್ಟದೆ ನನ್ನ ಜೊತೆ ಬರೀ ಬೇಳೆ, ಇಂಜೆರ ತಿನ್ನುತ್ತಾಳೆ, ಆದರೆ ಕಣ್ಣೆಲ್ಲ ಬೇಕರಿಯ ಕಡೆ. ಶುಕ್ರವಾರ ಸಂಜೆ ನಿನಗೆ ಫೋನ್ ಮಾಡುತ್ತಾಳೆ. ಎತ್ತು. ದೇಶದ ಮಾತು, ತೀರ್ಪಿನ ಮಾತು ಬೇಡ. ಊಟ ಆಯ್ತಾ ಪುಟ್ಟೀ ಎಂದು ಕೇಳು ಸಾಕು, ಮುಂದಿನದನ್ನು ಅವಳು ನೋಡಿಕೊಳ್ಳುತ್ತಾಳೆ.

ದೇವಮಾತೆ ನಿನ್ನ ಕಾಲಿಗೆ ಬಲ ಕೊಡಲಿ, ಫಿಲ್ಮೊನ್‌ನನ್ನು ಮನೆಗೆ ತರಲಿ, ನಿನ್ನ ಸಿಟ್ಟನ್ನು ಒಂದೇ ಮಳೆಯಲ್ಲಿ ತೊಳೆದುಬಿಡಲಿ. ಅಬ್ರೆಹೆತ್ ಅಣ್ಣನಿಗೆ ನಮಸ್ಕಾರ ಹೇಳಿದ್ದಾಳೆ. ನೆರೆಯ ಮುದುಕಿ ಅಸ್ಕಲುವಿಗೆ ನನ್ನ ಮುತ್ತು.

ನಿನ್ನನ್ನು ಹೆತ್ತ,
ಲೆತೆಂಕಿಯೆಲ್

ಮರೆತ ಮಾತು: ಮೇಷ್ಟ್ರು ಬಾಗಿಲಲ್ಲಿ ನಿಂತು ಆತುರಪಡಿಸುತ್ತಿದ್ದಾರೆ, ಮುಖ್ಯವಾದದ್ದೇ ಉಳಿದಿದೆ. ನಾನು ಬರುತ್ತಿದ್ದೇನೆ. ಉಪವಾಸ ಮುಗಿದ ಮಂಗಳವಾರದ ವಿಮಾನ. ಇಲ್ಲೇ ಇರಬಹುದು ಎಂದು ಕತೇರಿನಾ ಹೇಳಿದಳು, ಅಬ್ರೆಹೆತ್ ಕಾಲು ಹಿಡಿದಳು. ಫಿಯೋರಿ ಮೊದಲು ಅತ್ತಳು, ಆಮೇಲೆ ತಾನೇ ನನ್ನ ಬಟ್ಟೆ ಮಡಿಸಿದಳು. ಅವಳಿಗೆ ಅತ್ತೆ ಇದ್ದಾಳೆ. ನಿನಗೆ ಕಾಫಿ ಕಾಯಿಸಲೂ ಯಾರಿಲ್ಲ. ಎಪ್ಪತ್ತು ದಾಟಿದವಳನ್ನು ಯಾರು ಏನು ಮಾಡಿಯಾರು? ಕೇಳಿದವರಿಗೆ ತಲೆಯೆತ್ತಿ ಹೇಳು: ಇಬ್ಬರನ್ನು ಕಳಿಸಿದ್ದೆ, ಒಬ್ಬಳು ಬಂದಿದ್ದಾಳೆ, ನನ್ನ ಮಾತು ಅರ್ಧವಾದರೂ ಉಳಿಯಿತು ಎಂದು. ಬೇಡ ಅನ್ನಬೇಡ. ಈ ಮನೆಯಲ್ಲಿ ಯಾರೂ ಯಾರ ಒಪ್ಪಿಗೆಯನ್ನೂ ಕೇಳಿ ಹೊರಟವರಲ್ಲ. ವಿಮಾನ ನಿಲ್ದಾಣಕ್ಕೆ ಬಾ. ನಿನ್ನ ಮುಖ ನಾನು ದೂರದಿಂದಲೇ ಗುರುತಿಸುತ್ತೇನೆ.